ಅಪ್‌ಡೇಟ್: ಹಳೇ ಬೀದಿಯಲ್ಲೇ ಮನೆ ಸಿಕ್ಕಿತು
ಹತ್ತು ದಿನದ ಹಿಂದೆ ಕೇಳಿದ್ದೆನಲ್ಲ, ಪಾಳು ಬಿದ್ದಿದ್ದ ಬೀದಿ ಈಗ ಸಣ್ಣ ಸಣ್ಣ ಅಂಗಡಿಗಳಿಂದ ಮತ್ತೆ ಕಳೆಕಟ್ಟಿದೆ, ಬಾಡಿಗೆಯೂ ಕೈಗೆಟುಕುವಂತಿದೆ, ಹೋಗಲಾ ಬೇಡವಾ ಅಂತ. ಹೋದೆ. ಆ್ಯಪ್‌ಗಳಲ್ಲಿ ಹುಡುಕಿ ಅಂದಿದ್ದು ಉಪಯೋಗಕ್ಕೆ ಬರಲಿಲ್ಲ, ಅಲ್ಲಿದ್ದ ಮನೆಗಳೆಲ್ಲ ಆಗಲೇ ಹೋಗಿದ್ದವು. ಕೈಹಿಡಿದಿದ್ದು ‘ಅಂಗಡಿಯವರನ್ನೇ ಕೇಳಿ’ ಅಂದವರ ಮಾತು. ಸೈಕಲ್ ರಿಪೇರಿಯವರು ಪಂಕ್ಚರ್ ಹಾಕುತ್ತಾ, ತಲೆಯನ್ನೂ ಎತ್ತದೆ ಮೇಲಕ್ಕೆ ಬೆರಳು ತೋರಿಸಿದರು. ಮಹಡಿ ಮನೆ ಖಾಲಿ ಇತ್ತು!

ಬಾಡಿಗೆ ಯಾಕೆ ಕಡಿಮೆ ಅಂತ ಮೊದಲ ದಿನ ಬೆಳಗ್ಗೆಯೇ ಗೊತ್ತಾಯಿತು. 6 ಗಂಟೆಗೆ ಶಟರ್ ಎತ್ತಿದರೆ ಮಂಚವೇ ನಡುಗುತ್ತದೆ. ಹಾಸಿಗೆಯನ್ನು ಹಿಂದಿನ ರೂಮಿಗೆ ಸಾಗಿಸಿದ ಮೇಲೆ ಪರವಾಗಿಲ್ಲ. ಬೀದಿಗೆ ಹೆಸರು ಬಂದಷ್ಟೂ ಬಾಡಿಗೆ ಜಾಸ್ತಿಯಾಗುತ್ತೆ ಅಂತ ಒಬ್ಬರು ಎಚ್ಚರಿಸಿದ್ದರು, ಅದಕ್ಕೇ ವರ್ಷಕ್ಕೆ ಎಷ್ಟು ಏರಿಸಬಹುದು ಅನ್ನೋದನ್ನು ಕರಾರಿನಲ್ಲೇ ಬರೆಸಿಕೊಂಡೆ. ಕೆಳಗಿನ ಅಂಗಡಿಯವರಿಗೂ ಅದೇ ಚಿಂತೆಯಂತೆ, ನಾನು ಅಂದುಕೊಂಡೇ ಇರಲಿಲ್ಲ.