ತೊಗರಿ ಹೊಲದ ಬ್ಯಾಸಿಲಸ್: ಪೆಪ್ಟೈಡ್ ಜೀನ್ ಯಾವಾಗ ಆನ್ ಆಗುತ್ತದೆ ಅಂತ ಹೇಗೆ ನೋಡೋದು? ಅನುಭವ ಇದ್ದವರು ಹೇಳಿ

ಚಿತ್ತಾಪುರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಎರಡನೇ ವರ್ಷ. ನೆಟೆ ರೋಗ ಬಂದ ಹೊಲದಲ್ಲಿ ಒಣಗದೆ ಉಳಿದ ತೊಗರಿ ಗಿಡದ ಬೇರಿನ ಮಣ್ಣಿನಿಂದ ಒಂದು ಬ್ಯಾಸಿಲಸ್ ಬ್ಯಾಕ್ಟೀರಿಯಾ ಸಿಕ್ಕಿದೆ. ಪ್ಲೇಟಿನಲ್ಲಿ ನೆಟೆ ತರುವ ಶಿಲೀಂಧ್ರ ಫ್ಯುಸೇರಿಯಂ ಉಡಮ್ ಅನ್ನು ತಡೆಯುತ್ತದೆ. ಆದರೆ ಒಂದು ವಾರ ಝೋನ್ (ಶಿಲೀಂಧ್ರ ಬೆಳೆಯದ ಖಾಲಿ ಜಾಗ) ದೊಡ್ಡದು, ಇನ್ನೊಂದು ವಾರ ಏನೂ ಇಲ್ಲ. ಇಟುರಿನ್, ಫೆಂಗೈಸಿನ್ ಅನ್ನುವ ಶಿಲೀಂಧ್ರ ತಡೆಯುವ ಪೆಪ್ಟೈಡ್‌ಗಳ ಜೀನ್‌ಗಳಿಗೆ ಪಿಸಿಆರ್ ಪಾಸಿಟಿವ್ ಬಂದಿದೆ. ಈ ಜೀನ್‌ಗಳ ನಿಯಂತ್ರಣ ನೋಡಲು ಕ್ಯೂಪಿಸಿಆರ್ (ಜೀನಿನ ಆರ್‌ಎನ್‌ಎ ಅಳೆಯೋದು) ಮಾಡಲಾ, ಪ್ರೊಮೋಟರ್‌ಗೆ (ಜೀನಿನ ಸ್ವಿಚ್) ರಿಪೋರ್ಟರ್ (ಬಣ್ಣ ಅಥವಾ ಬೆಳಕು ಕೊಡುವ ಜೀನ್) ಜೋಡಿಸಲಾ, ಅಥವಾ ಸುಮ್ನೆ ಬ್ಯಾಸಿಲಸ್ ಸಬ್‌ಟಿಲಿಸ್‌ನ ಲ್ಯಾಬ್ ತಳಿ 168ರಲ್ಲೇ ಮಾಡಲಾ? ದುಡ್ಡು ಕಡಿಮೆ ಇದೆ.

ಹುಮನಾಬಾದ್ ಅಕ್ಕ:
ತಂಗಿ, ನಾನು ಬೀದರಿನಲ್ಲಿ ಕೂತು ಕ್ಯೂಪಿಸಿಆರ್ ಮಾಡಿದವಳು. ಆಗ ನನಗಾದ ಖರ್ಚು ಹೇಳುತ್ತೇನೆ, ಕೇಳು. ಆರ್‌ಎನ್‌ಎ ಕಿಟ್ 24,000 ರೂಪಾಯಿ. ಸಿಡಿಎನ್‌ಎ ಕಿಟ್ 19,000. ಸೈಬರ್ ಮಿಕ್ಸ್ 16,500. ಪ್ರೈಮರ್ ಬೇಸ್‌ಗೆ 10 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅದರ ಮೇಲೆ ಕೊರಿಯರ್. ಮೇ ತಿಂಗಳಲ್ಲಿ, ಸಾಲು ರಜೆಯಲ್ಲಿ ಕಿಟ್ ಬಂತು. ಡಬ್ಬಿ ತೆಗೆದರೆ ಐಸ್ ಪ್ಯಾಕ್ ಬೆಚ್ಚಗಿತ್ತು. ಎನ್ಝೈಮ್ ಸತ್ತಿತ್ತು. ವಾಚ್‌ಮನ್ ಸಹಿ ಹಾಕಿ ತೆಗೆದುಕೊಂಡಿದ್ದಾರೆ, ಬದಲಿ ಕೊಡಲ್ಲ ಅಂದರು ಮಾರಿದವರು. 19,000 ನೀರುಪಾಲು.

ಕಿಟ್‌ನಲ್ಲಿ ಬರೆದ ಹಾಗೆ ಮಾಡಿದರೆ ಬ್ಯಾಸಿಲಸ್ ಗೋಡೆ ಒಡೆಯಲ್ಲ. ಲೈಸೊಝೈಮ್ ಬೇರೆ ತರಿಸಬೇಕು. ನಮ್ಮ ಮಷೀನ್ ಕೆಟ್ಟು ಕೂತಿತ್ತು. ಥರ್ಮೊಕೋಲ್ ಡಬ್ಬಿಯಲ್ಲಿ ಡ್ರೈ ಐಸ್ ಹಾಕಿಕೊಂಡು ಬಸ್ಸಿನಲ್ಲಿ ಹೈದರಾಬಾದಿಗೆ ಹೋದೆ. ಜಹೀರಾಬಾದ್ ದಾಟಿದ ಮೇಲೆ ಬಸ್ ಕೆಟ್ಟು ನಿಂತಿತು. ನಾನು ಡಬ್ಬಿಯ ಮುಚ್ಚಳ ಒತ್ತಿ ಹಿಡಿದು ರಸ್ತೆ ಪಕ್ಕ ಕೂತಿದ್ದೆ. ಅಲ್ಲಿ ಒಂದು ಪ್ಲೇಟ್ ಓಡಿಸಲು 3,500. ಕೊನೆಗೆ ರಿವ್ಯೂವರ್ 16ಎಸ್ ಜೀನ್ ಹೋಲಿಕೆಗೆ ಬೇಡ, ಅದು ವಿಪರೀತ ಜಾಸ್ತಿ ಇರುತ್ತದೆ ಅಂದರು. ಅದರ ಬದಲು ಆರ್‌ಪಿಒಬಿ, ಗೈರ್‌ಬಿ ಜೀನ್ ಎರಡಕ್ಕೂ ಮತ್ತೆ ಪ್ರೈಮರ್, ಮತ್ತೆ ಬಸ್ಸು.

ಆದರೆ ಗ್ರಾಫ್ ಬಂತು. ಬೆಳೆಯುವ ಹೊತ್ತಿನಲ್ಲಿ ಎಬಿಆರ್‌ಬಿ (ಬೇರೆ ಜೀನ್‌ಗಳನ್ನು ಅದುಮಿಡುವ ಜೀನ್) ಜಾಸ್ತಿ, ಸರ್ಫ್ಯಾಕ್ಟಿನ್ (ಇನ್ನೊಂದು ಪೆಪ್ಟೈಡ್) ಜೀನ್ ಕಡಿಮೆ. ಊಟ ಮುಗಿಯುತ್ತಾ ಬಂದಾಗ ಎಸ್‌ಪಿಒ0ಎ ಪ್ರೋಟೀನ್‌ಗೆ ಫಾಸ್ಫೇಟ್ ಸೇರುತ್ತದೆ, ಅದು ಎಬಿಆರ್‌ಬಿಯನ್ನು ಕಟ್ಟಿ ಹಾಕುತ್ತದೆ. ಆಗ ಸರ್ಫ್ಯಾಕ್ಟಿನ್ ಗೆರೆ ಏಳುತ್ತದೆ. ಒಂದೇ ಹೊತ್ತಿನಲ್ಲಿ ಸ್ಯಾಂಪಲ್ ತೆಗೆದವರಿಗೆ ಇದು ಜನ್ಮದಲ್ಲಿ ಕಾಣಲ್ಲ. ನಾನು ಗಂಟೆಗೊಂದು ತೆಗೆದೆ. ರಾತ್ರಿಯೆಲ್ಲ.

ಎರೆಮಣ್ಣು:
ಇಷ್ಟು ದುಡ್ಡು ಸುರಿಯೋದು ಯಾಕೆ? 168 ತೆಗೆದುಕೊಳ್ಳಿ. ಒಹಾಯೊದ ಬ್ಯಾಸಿಲಸ್ ಜೆನೆಟಿಕ್ ಸ್ಟಾಕ್ ಸೆಂಟರ್‌ನಲ್ಲಿ ಬೇಕಾದ ಮ್ಯುಟೆಂಟ್ ಸಿಗುತ್ತದೆ. ಹಸಿವಿನ ಮೀಡಿಯಾದಲ್ಲಿ ಇಟ್ಟು ಡಿಎನ್‌ಎ ಹಾಕಿದರೆ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಪ್ಲೇಟಿನಲ್ಲಿ ಕಾಲೊನಿ. ಪಿಷ್ಟದ ಪ್ಲೇಟಿಗೆ ಅಯೋಡಿನ್ ಸುರಿದು ನೋಡಿ. ಸುತ್ತ ಬಿಳಿ ಉಂಗುರ ಇಲ್ಲದ ಕಾಲೊನಿ ಸಿಕ್ಕರೆ ರಿಪೋರ್ಟರ್ ಅಮೈಇ (ಪಿಷ್ಟ ಕರಗಿಸುವ ಜೀನ್) ಜಾಗದಲ್ಲಿ ಕೂತಿದೆ ಅಂತ ಅರ್ಥ.

ನನ್ನ ಕೆಲಸ ಸಬ್‌ಟಿಲೊಸಿನ್ ಅನ್ನುವ ಪೆಪ್ಟೈಡ್ ಮೇಲೆ. ಮಳೆ ಹಿಡಿದಾಗ ನಮ್ಮ ಎರೆ ಭೂಮಿಯಲ್ಲಿ ನೀರು ನಿಂತು ಗಾಳಿ ಆಡಲ್ಲ. ಆಮ್ಲಜನಕ ಕಡಿಮೆಯಾದಾಗ ರೆಸ್‌ಇ, ರೆಸ್‌ಡಿ ಪ್ರೋಟೀನ್ ಜೋಡಿ ಎಚ್ಚರವಾಗಿ ಅದರ ಎಸ್‌ಬಿಒ-ಆಲ್ಬ್ ಜೀನ್‌ಗಳನ್ನು ಎಬ್ಬಿಸುತ್ತದೆ. ಮೊದಲು ರಿಪೋರ್ಟರ್ ಆಗಿ ಜಿಎಫ್‌ಪಿ (ಹಸಿರು ಹೊಳೆಯುವ ಪ್ರೋಟೀನ್) ಹಾಕಿಸಿದ್ದರು ನಮ್ಮ ಲ್ಯಾಬಿನಲ್ಲಿ. ಆಮ್ಲಜನಕ ಇಲ್ಲದೆ ಜಿಎಫ್‌ಪಿ ಹೊಳೆಯೋದೇ ಇಲ್ಲ. ಪ್ಲಾಸ್ಮಿಡ್ ತರಿಸಿದ ಖರ್ಚು, ಕಸ್ಟಮ್ಸ್‌ನಲ್ಲಿ ಕೂತ ಕಾಲ, ಎಲ್ಲ ದಂಡ. ಲ್ಯಾಕ್‌ಝಡ್ ರಿಪೋರ್ಟರ್‌ಗೆ ಬಂದೆವು. ಓಎನ್‌ಪಿಜಿ ಹಾಕು, ಹಳದಿ ಬಣ್ಣ ಓದು, ಅಷ್ಟೇ.

ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ ಶೇಕರ್ ನಿಂತಿತ್ತು. ಬೆಳಿಗ್ಗೆ ಓಎನ್‌ಪಿಜಿ ಹಾಕಿ ನೋಡಿದರೆ, ಗಾಳಿ ಆಡುತ್ತಿರಬೇಕಾದ ಕಂಟ್ರೋಲ್ ಫ್ಲಾಸ್ಕಿನದೇ ಗಾಢ ಹಳದಿ. ಗೈಡ್ ಕಂಟಾಮಿನೇಷನ್ ಅಂದರು, ಎಸೆಯಿರಿ ಅಂದರು. ನಾನು ಎಸೆಯಲಿಲ್ಲ. ನಿಂತ ಫ್ಲಾಸ್ಕಿನಲ್ಲಿ ಗಾಳಿ ಕಮ್ಮಿಯಾಗಿ ಪ್ರೊಮೋಟರ್ ಎದ್ದಿತ್ತು. ಅದೇ ನನ್ನ ಥೀಸಿಸ್‌ನ ಮೂರನೇ ಅಧ್ಯಾಯ. 168 ಇದ್ದಿದ್ದಕ್ಕೇ ರೆಸ್‌ಡಿ ಮ್ಯುಟೆಂಟ್‌ನಲ್ಲಿ ಅದನ್ನು ಸಾಬೀತು ಮಾಡಲು ಆಯಿತು.

ಭೀಮಾತೀರ:
ಸರ್, ಅವರು ಕೇಳಿದ್ದು ಶಿಲೀಂಧ್ರದ ಬಗ್ಗೆ. ಸಬ್‌ಟಿಲೊಸಿನ್ ಹೊಡೆಯೋದು ಬ್ಯಾಕ್ಟೀರಿಯಾಗೆ. ಫ್ಯುಸೇರಿಯಂಗೆ ಇಟುರಿನ್, ಫೆಂಗೈಸಿನ್ ಬೇಕು. 168ರಲ್ಲಿ ಇಟುರಿನ್ ಜೀನ್‌ಗಳೇ ಇಲ್ಲ. ಪೆಪ್ಟೈಡ್ ಮಾಡುವ ಎನ್ಝೈಮ್‌ಗಳನ್ನು ಎಬ್ಬಿಸುವ ಎಸ್‌ಎಫ್‌ಪಿ ಜೀನ್ ಮುರಿದಿದೆ, ಹಾಗಾಗಿ ಸರ್ಫ್ಯಾಕ್ಟಿನ್ ಕೂಡ ಬರಲ್ಲ. ಲ್ಯಾಬಿನಲ್ಲಿ ಸಾಕಿ ಸಾಕಿ ಸಾಧುವಾದ ತಳಿ ಅದು. ಅದನ್ನು ಇಟ್ಟುಕೊಂಡು ಹೊಲದ ಮಾತು ಆಡಬೇಡಿ.

ನಾನು ಯಾದಗಿರಿ ಕಡೆಯ ಹತ್ತಿ ಹೊಲದ ತಳಿಯಲ್ಲೇ ಮಾಡಿದೆ. ಟ್ರಾನ್ಸ್‌ಫಾರ್ಮೇಷನ್ (ಹೊರಗಿನ ಡಿಎನ್‌ಎ ಒಳಗೆ ಹಾಕೋದು) ಸುಲಭಕ್ಕೆ ಆಗಲೇ ಇಲ್ಲ. ಕರೆಂಟ್ ಶಾಕ್ ಕೊಡುವ ಎಲೆಕ್ಟ್ರೊಪೊರೇಷನ್ ಕ್ಯೂವೆಟ್ ಒಂದಕ್ಕೆ ಆಗ 420 ರೂಪಾಯಿ ಇತ್ತು. ತೊಳೆದು ತೊಳೆದು ಬಳಸಿದೆವು. ಸಿಡಿದು ಹೋಗುತ್ತಿತ್ತು. 168ರ ಕಾಮ್‌ಎಕ್ಸ್ (ಬ್ಯಾಕ್ಟೀರಿಯಾ ಒಂದಕ್ಕೊಂದು ಕಳಿಸುವ ಸಂಕೇತ) ಕೊಟ್ಟರೆ ಎಚ್ಚರವಾಗಬಹುದು ಅಂದರು. ನನ್ನ ತಳಿಗೆ ಅದು ಕೇಳಿಸಲೇ ಇಲ್ಲ. ಕಾಮ್‌ಕ್ಯೂ, ಎಕ್ಸ್, ಪಿ ಜೀನ್‌ಗಳು ತಳಿಯಿಂದ ತಳಿಗೆ ಬೇರೆ. ತನ್ನ ಗುಂಪಿನ ಸಂಕೇತಕ್ಕೇ ಅದು ಓಗೊಡುವುದು. ಕೊನೆಗೆ ಜಿನೋಮ್ ಓದಿಸಿದೆ. 14,000 ರೂಪಾಯಿ, ಮನೆಯಿಂದ ತಂದ ದುಡ್ಡು. ಆಮೇಲೆ ಎಸ್‌ಆರ್‌ಎಫ್‌ಎ (ಸರ್ಫ್ಯಾಕ್ಟಿನ್ ಜೀನ್) ತೆಗೆದೆ. ತೆಗೆದ ದಿನದಿಂದ ಡಿಎನ್‌ಎ ಎಳೆದುಕೊಳ್ಳುವ ಅಷ್ಟಿಷ್ಟು ಶಕ್ತಿಯೂ ಹೋಯಿತು. ಯಾಕೆ ಅಂದರೆ ಡಿಎನ್‌ಎ ಎಳೆದುಕೊಳ್ಳಲು ಬೇಕಾದ ಕಾಮ್‌ಎಸ್ ಅನ್ನುವ ಪುಟ್ಟ ಜೀನ್ ಅದರ ಹೊಟ್ಟೆಯೊಳಗೇ ಇದೆ. ಲ್ಯಾಬಿನಲ್ಲಿ ಒಬ್ಬರೂ ಇದನ್ನು ಮೊದಲೇ ಹೇಳಲಿಲ್ಲ. ಒಂದು ವರ್ಷ ಹೋಯಿತು ನನ್ನದು.

ಎರೆಮಣ್ಣು:
ಸಾಧು ತಳಿ ಅಂತ ಹಗುರವಾಗಿ ಮಾತಾಡಬೇಡಿ. ಎಬಿಆರ್‌ಬಿ, ಎಸ್‌ಪಿಒ0ಎ, ಕಾಮ್‌ಎ ಅನ್ನುವ ನಿಯಂತ್ರಕಗಳ ಬಗ್ಗೆ ನಿಮಗೆ ಗೊತ್ತಿರೋದು ಬಹುಪಾಲು ಆ ತಳಿಯಿಂದಲೇ ಬಂದಿದ್ದು. ಒಳ್ಳೆಯ ಎಸ್‌ಎಫ್‌ಪಿ ಹಾಕಿದರೆ 168 ಸರ್ಫ್ಯಾಕ್ಟಿನ್ ಮಾಡುತ್ತದೆ. ಜೊತೆಗೆ ಡೆಗ್‌ಕ್ಯೂ ಜೀನ್ ಸರಿಪಡಿಸಿದರೆ ಪ್ಲಿಪಾಸ್ಟಾಟಿನ್ ಕೂಡ. ಅದು ಫೆಂಗೈಸಿನ್‌ನ ಒಡಹುಟ್ಟು ಅಲ್ವಾ?

ಭೀಮಾತೀರ:
ಇಟುರಿನ್?

ಎರೆಮಣ್ಣು:
ಇಟುರಿನ್ ಇಲ್ಲ. ಇಲ್ಲ ಅಂತಲೇ ಹೇಳುತ್ತಿದ್ದೇನೆ. ಒಂದು ಮ್ಯುಟೆಂಟ್‌ಗೆ ವರ್ಷ ಕಳೆಯೋದಕ್ಕಿಂತ ಇದು ವಾಸಿ.

ಸೇಡಂ ತೊಗರಿ:
ನಾನು ಬಿಎಸ್ಸಿ ಅಗ್ರಿ ಮುಗಿಸಿ ಸಣ್ಣ ಜೈವಿಕ ಘಟಕ ಹಾಕಿದವನು. ನನ್ನ ಅನುಭವವೂ ಇರಲಿ. ಬ್ಯಾಸಿಲಸ್ ಬೆಳೆಸುವ ಲ್ಯಾಂಡಿ ಮೀಡಿಯಾದಲ್ಲಿ ಲೀಟರಿಗೆ 20 ಗ್ರಾಂ ಗ್ಲೂಕೋಸ್, 5 ಗ್ರಾಂ ಗ್ಲುಟಾಮಿಕ್ ಆಮ್ಲ. 200 ಲೀಟರ್ ಡ್ರಮ್‌ಗೆ ಲೆಕ್ಕ ಹಾಕಿ ನೋಡಿ, ಕೈ ಸುಡುತ್ತದೆ. ಬೆಲ್ಲಕ್ಕೆ ಬದಲಾಯಿಸಿದೆ. ಒಂದು ಬ್ಯಾಚ್ ಚೆನ್ನಾಗಿ ಬಂದರೆ ಇನ್ನೊಂದು ಬ್ಯಾಚ್ ಸೊಪ್ಪೆ. ಬ್ಯಾಕ್ಟೀರಿಯಾ ಕಣದ ಎಣಿಕೆ ಅಷ್ಟೇ ಇದೆ, ಫ್ಯುಸೇರಿಯಂ ಮಾತ್ರ ಮೇಲೆ ಹತ್ತಿ ಬೆಳೆಯುತ್ತಿತ್ತು. ಬೋರ್ ನೀರು ಬಿಟ್ಟು ಆರ್‌ಒ ನೀರು ಹಾಕಿದಾಗಿನಿಂದ ಶುರುವಾದ ಕಾಟ. ಮ್ಯಾಂಗನೀಸ್ ಸಲ್ಫೇಟ್ ಚಿಟಿಕೆ ಸೇರಿಸಿದ ಮೇಲೆ ನಿಂತಿತು. ಜೀನ್ ಇದ್ದರೆ ಸಾಲದು, ಮ್ಯಾಂಗನೀಸ್ ಕೂಡ ಬೇಕು. ಕಿಲೋ ಮ್ಯಾಂಗನೀಸ್ ಸಲ್ಫೇಟ್ ಗೊಬ್ಬರದಂಗಡಿಯಲ್ಲೇ ಸಿಗುತ್ತದೆ. ನೀವು ಲಕ್ಷ ಖರ್ಚು ಮಾಡಿ ಗ್ರಾಫ್ ತೆಗೆಯುತ್ತೀರಿ, ರೈತನಿಗೆ ಬಾಟಲಿ ಬೇಕು.

ಹುಮನಾಬಾದ್ ಅಕ್ಕ:
ಆ ಬಾಟಲಿಯ ಮೇಲೆ ತಳಿಯ ಹೆಸರು ಇದೆಯಾ ಅಣ್ಣ? ನಮ್ಮ ತಂದೆ ಅಂಥ ಬಾಟಲಿ ತಂದು ಬೀಜಕ್ಕೆ ಕಲಸಿ ಬಿತ್ತಿದರು. ಡಿಸೆಂಬರ್‌ನಲ್ಲಿ, ಕಾಯಿ ಕಟ್ಟುವಾಗ, ಅರ್ಧ ಹೊಲ ನಿಂತಲ್ಲೇ ಒಣಗಿತು. ಕಾಂಡ ಸೀಳಿ ನೋಡಿದರೆ ಒಳಗೆ ಕಂದು ಗೆರೆ. ಬಾಟಲಿಯಲ್ಲಿ ಕಣ ಇತ್ತು. ಪೆಪ್ಟೈಡ್ ಮಾಡುತ್ತಿತ್ತಾ ಅಂತ ಯಾರು ನೋಡಿದ್ದರು? ಅದಕ್ಕೇ ನಾನು ಗ್ರಾಫ್ ಹಿಂದೆ ಬಿದ್ದಿದ್ದು.

ಸೇಡಂ ತೊಗರಿ:
ನನ್ನ ಬಾಟಲಿ ಅಲ್ಲ ಅದು ಅಕ್ಕ. ಕೀಟನಾಶಕ ಕಾಯ್ದೆ 1968ರ ಅಡಿ ನೋಂದಣಿ ಬೇಕು ಅಂತ ನಾನು ಕಡತ ಹಿಡಿದು ಓಡಾಡಿದ್ದೇನೆ. ವಿಷಕಾರಿ ಅಲ್ಲ ಅಂತ ತೋರಿಸುವ ಪರೀಕ್ಷೆಗಳ ಖರ್ಚಿಗೆ ಹೊಲ ಅಡವಿಟ್ಟಿದ್ದೇನೆ. ಹೆಸರಿಲ್ಲದವರ ಜೊತೆ ನನ್ನನ್ನು ಸೇರಿಸಬೇಡಿ.

ಶಹಾಪುರದವ:
ಮಾರುತಿ ಅಥವಾ ಟಿಎಸ್-3ಆರ್ ತೊಗರಿ ತಳಿ ಬಿತ್ತಿದರೆ ನೆಟೆ ತಡೆದುಕೊಳ್ಳುತ್ತದೆ. ಬ್ಯಾಸಿಲಸ್ ಯಾಕೆ?

ಹುಮನಾಬಾದ್ ಅಕ್ಕ:
ಫ್ಯುಸೇರಿಯಂ ಉಡಮ್‌ನಲ್ಲೂ ಬೇರೆ ಬೇರೆ ಬಗೆಗಳಿವೆ ರೀ. ಒಂದು ಕಡೆ ತಡೆದ ತಳಿ ಇನ್ನೊಂದು ಕಡೆ ತಡೆಯಬೇಕಂತಿಲ್ಲ. ಒಂದೇ ತಳಿಯನ್ನು, ಅದೇ ಹೊಲದಲ್ಲಿ, ವರ್ಷ ವರ್ಷ ಬಿತ್ತಿ ನಮ್ಮ ಕಡೆ ಏನಾಯಿತು ಅಂತ ಬಂದು ನೋಡಿ.

ಶಹಾಪುರದವ:
ಬೆಳೆ ಬದಲಾಯಿಸಿ ಜೋಳ ಹಾಕಿದ್ದರೆ ಆಗುತ್ತಿತ್ತು.

ಹುಮನಾಬಾದ್ ಅಕ್ಕ:
ಜೋಳದ ರೇಟು ನೀವು ಕೊಡುತ್ತೀರಾ?

ಚಿತ್ತಾಪುರದ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಒಂದು ಕೇಳಬೇಕಿತ್ತು. ನಾನು ಮೀಡಿಯಾ ಮಾಡುವ ನೀರು ಒಮ್ಮೆ ಲ್ಯಾಬಿನದು, ಒಮ್ಮೆ ಕ್ಯಾನ್‌ನದು. 250 ಎಂಎಲ್ ಫ್ಲಾಸ್ಕಿನಲ್ಲಿ 100 ಎಂಎಲ್ ಹಾಕುತ್ತೇನೆ. ಝೋನ್ ಏರುಪೇರಿಗೆ ಇದೇ ಕಾರಣ ಇರಬಹುದಾ?

ಭೀಮಾತೀರ:
100 ಜಾಸ್ತಿ ಆಯಿತು, ಗಾಳಿ ಸಾಲಲ್ಲ, 50ಕ್ಕಿಂತ ಕೆಳಗೆ ಇಡಿ. ನೀರು ಒಂದೇ ಇರಲಿ, ಮ್ಯಾಂಗನೀಸ್ ತೂಗಿ ಹಾಕಿ. ಆರ್‌ಎನ್‌ಎಗೆ ಕೈ ಹಾಕುವ ಮೊದಲು ಅದಾದರೂ ಸರಿಯಾಗಲಿ. ಆಮೇಲೆ ನಿಮ್ಮ ತಳಿಯಲ್ಲೇ ಮಾಡಿ. ಎರೆಮಣ್ಣು ಸರ್ ಮಾತು ಕೇಳಬೇಡಿ.

ಎರೆಮಣ್ಣು:
ಕೇಳೋದು ಬಿಡೋದು ಅವರಿಗೆ ಬಿಟ್ಟಿದ್ದು. ತಂಗಿ, ಎಸ್‌ಎಫ್‌ಪಿ ಸರಿಪಡಿಸಿದ 168, ಎಬಿಆರ್‌ಬಿ ಇಲ್ಲದ ಮ್ಯುಟೆಂಟ್, ಎರಡೂ ನನ್ನ ಹತ್ತಿರ ಇವೆ. ನಿಮ್ಮ ತಳಿಯ ಪಕ್ಕ ಇಟ್ಟು ಹೋಲಿಸಲು ಬೇಕಾಗುತ್ತವೆ. ಗೈಡ್ ಸಹಿ ಹಾಕಿದ ಪತ್ರ ತನ್ನಿ, ಸ್ಲ್ಯಾಂಟ್ (ತಳಿ ಬೆಳೆಸಿದ ಟ್ಯೂಬ್) ನಾನೇ ಮಾಡಿ ಇಡುತ್ತೇನೆ. ಬಸ್ಸಿಗೆ ಬರುವುದಾದರೆ ಬೆಳಿಗ್ಗೆಯೇ ಬನ್ನಿ, ಮಧ್ಯಾಹ್ನದ ಬಿಸಿಲಿಗೆ ಹೊರಗೆ ಒಯ್ಯಬೇಡಿ.