ವಿಷಯ: ಹಾಯಿದೋಣಿ ಪಂದ್ಯದ ‘ಹ್ಯಾಂಡಿಕ್ಯಾಪ್ ರೇಟಿಂಗ್’ಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ಕ್ಯಾಟಮರಾನ್ (ಎರಡು ಒಡಲಿನ ಹಾಯಿದೋಣಿ) ಪಂದ್ಯಗಳ ಬಗೆಗಿನ ಲೇಖನವೊಂದರ ಅನುವಾದ ಇವತ್ತು ರಾತ್ರಿಯೊಳಗೆ ಪುಟಕ್ಕೆ ಹೋಗಬೇಕು. ನೆದರ್ಲೆಂಡ್ಸ್‌ನ ಟೆಕ್ಸೆಲ್ ದ್ವೀಪದ ಸುತ್ತ 1978ರಲ್ಲಿ ಶುರುವಾದ ಪಂದ್ಯ, ಆ ದ್ವೀಪದ ಹೆಸರಿನ ಟೆಕ್ಸೆಲ್ ರೇಟಿಂಗ್, ಒಬ್ಬರೇ ನಡೆಸುವ ಎ-ಕ್ಲಾಸ್ ದೋಣಿಗಳು ಅದರ ವಸ್ತು. ಬೇರೆ ಬೇರೆ ವೇಗದ ದೋಣಿಗಳು ಒಟ್ಟಿಗೆ ಓಡುವಾಗ ಅವುಗಳ ಸಮಯವನ್ನು ಸರಿದೂಗಿಸುವ ಸಂಖ್ಯೆಯೇ ಹ್ಯಾಂಡಿಕ್ಯಾಪ್ ರೇಟಿಂಗ್. ‘ಹ್ಯಾಂಡಿಕ್ಯಾಪ್’ ಅಂದರೆ ಓದುಗರು ಅಂಗವೈಕಲ್ಯ ಎಂದುಕೊಳ್ಳುತ್ತಾರೆ, ಬೇಡ ಎಂದು ಸಂಪಾದಕರು ಹೇಳಿದ್ದಾರೆ. ಸದ್ಯಕ್ಕೆ ‘ಸಾಮರ್ಥ್ಯಾಂಕ’ ಎಂದು ಹಾಕಿದ್ದೇನೆ. ‘ಸಿಂಗಲ್‌ಹ್ಯಾಂಡೆಡ್’ಗೆ ‘ಏಕಹಸ್ತ’ ಆದೀತೇ? ನಾವಿಕನ ‘ಸ್ಕಿಲ್’ಗೆ ಕೌಶಲ್ಯವೋ, ಕೌಶಲವೋ? ಕೋಷ್ಟಕದ ತಲೆಬರಹಕ್ಕೂ ಬೇಕು, ಪದ ಚಿಕ್ಕದಿರಲಿ.

ಉತ್ತರ 1

‘ಸಾಮರ್ಥ್ಯಾಂಕ’ ತಪ್ಪು, ತೆಗೆಯಿರಿ. ಯಾರ ಸಾಮರ್ಥ್ಯ? ಗಾಲ್ಫ್‌ನಲ್ಲಿ ಹ್ಯಾಂಡಿಕ್ಯಾಪ್ ಆಟಗಾರನದು, ಇಲ್ಲಿ ದೋಣಿಯದು. ಟೆಕ್ಸೆಲ್ ರೇಟಿಂಗ್ ಆಗಲಿ, ಸಣ್ಣ ಕ್ಯಾಟಮರಾನ್‌ಗಳ ಇನ್ನೊಂದು ರೇಟಿಂಗ್ ಪದ್ಧತಿಯಾದ ಎಸ್‌ಸಿಎಚ್‌ಆರ್‌ಎಸ್ ಆಗಲಿ ಅಳತೆಯಿಂದ ಬರುವ ಸಂಖ್ಯೆ: ಒಡಲಿನ ಉದ್ದ, ಹಾಯಿಯ ವಿಸ್ತೀರ್ಣ, ದೋಣಿ ಮತ್ತು ನಾವಿಕರ ತೂಕ. ಚುಕ್ಕಾಣಿ ಹಿಡಿದವನು ವಿಶ್ವ ಚಾಂಪಿಯನ್ನೋ ನಿನ್ನೆ ಕಲಿತವನೋ ಎಂಬುದು ಸೂತ್ರಕ್ಕೆ ಗೊತ್ತೇ ಇಲ್ಲ.

ಇನ್ನೊಂದು ತೊಡಕು, ಸಂಖ್ಯೆ ಕಡಿಮೆಯಾದಷ್ಟೂ ದೋಣಿ ವೇಗದ್ದು. ‘ಅಂಕ’ ಅಂದರೆ ನಮ್ಮವರು ಹೆಚ್ಚಿದ್ದಷ್ಟು ಒಳ್ಳೆಯದು ಎಂದೇ ಓದುತ್ತಾರೆ. ಲೆಕ್ಕ ನೋಡಿ: ರೇಟಿಂಗ್ 1.05 ಇರುವ ದೋಣಿ 63 ನಿಮಿಷಕ್ಕೆ ಮುಗಿಸಿತು, 1.00 ಇರುವುದು 61 ನಿಮಿಷಕ್ಕೆ. ಓಡಿದ ಸಮಯವನ್ನು ರೇಟಿಂಗ್‌ನಿಂದ ಭಾಗಿಸಬೇಕು. 63 ಭಾಗಿಸು 1.05, ಅಂದರೆ 60 ನಿಮಿಷ; ಇನ್ನೊಂದರದು 61 ಆಗಿಯೇ ಉಳಿಯಿತು. ನೀರಿನ ಮೇಲೆ ಹಿಂದೆ ಬಂದದ್ದೇ ಗೆದ್ದಿತು. ಕೆಲಸ ಮಾಡುವುದು ಭಾಗಾಕಾರ, ಆದ್ದರಿಂದ ‘ಭಾಜಕ’. ಶಾಲೆಯಲ್ಲಿ ಎಲ್ಲರೂ ಕಲಿತ ಪದ, ಕೋಷ್ಟಕದಲ್ಲೂ ಕೂರುತ್ತದೆ.

ಉತ್ತರ 2

ಸಂಸ್ಕೃತದ ‘ಭಾಜಕ’ ಏಕೆ? ಕನ್ನಡದ ‘ಹೊರೆ’ ಇದೆಯಲ್ಲ. ಬೆಂಗಳೂರು, ಮೈಸೂರಿನ ಕುದುರೆ ಜೂಜಿನಲ್ಲಿ ಹ್ಯಾಂಡಿಕ್ಯಾಪ್ ಎಂದರೆ ಬಲವಾದ ಕುದುರೆಗೆ ಹೆಚ್ಚು ಭಾರ ಹೊರಿಸುವುದು. ಇಂಗ್ಲಿಷ್ ಪದದ ಮೂಲವೂ ಟೋಪಿಯೊಳಗೆ ಕೈ ಹಾಕುವ ಹಳೆಯ ವಿನಿಮಯದ ಆಟ, ಅಂಗವೈಕಲ್ಯವಲ್ಲ. ‘ದೋಣಿಹೊರೆ’ ಎನ್ನಿ. ಕ್ಯಾಟಮರಾನ್ ಕೂಡ ತಮಿಳಿನ ಕಟ್ಟುಮರಂ; ಕಟ್ಟು, ಮರ ಎರಡೂ ನಮ್ಮವೇ. ‘ಕಟ್ಟುಮರ’ ಎಂದು ಬರೆಯದೆ ಇಂಗ್ಲಿಷ್ ಸುತ್ತಿಬಂದ ರೂಪವನ್ನು ಸಾಲ ತರುವುದು ನಾಚಿಕೆಗೇಡು.

ಉತ್ತರ 1

‘ಹೊರೆ’ ಇಲ್ಲಿ ಅಪಾಯ. ಎ-ಕ್ಲಾಸ್ ದೋಣಿಯ ಕನಿಷ್ಠ ತೂಕ 75 ಕೆ.ಜಿ., ಉದ್ದ 5.49 ಮೀ., ಅಗಲ 2.30 ಮೀ., ಹಾಯಿ 13.94 ಚ.ಮೀ. ತೂಕ ಕಡಿಮೆ ಬಿದ್ದರೆ ಸರಿತೂಕದ ತುಂಡುಗಳನ್ನು ನಿಜವಾಗಿಯೂ ಕಟ್ಟುತ್ತಾರೆ. ಅದು ವರ್ಗದ ನಿಯಮ, ರೇಟಿಂಗ್ ಅಲ್ಲ. ಒಂದೇ ಲೇಖನದಲ್ಲಿ ಎರಡೂ ಬಂದರೆ ಓದುಗ ಕೆಟ್ಟ. ಕಟ್ಟುಮರ ಎಂದರೆ ಒಟ್ಟಿಗೆ ಬಿಗಿದ ದಿಮ್ಮಿಗಳು. ಇದು ಎರಡು ಟೊಳ್ಳು ಒಡಲು, ನಡುವೆ ಅಡ್ಡತೊಲೆ, ಬಿಗಿದ ಬಲೆಹಾಸು. ಬೇಡ.

ಉತ್ತರ 3

‘ಏಕಹಸ್ತ’ ಬೇಡವೇ ಬೇಡ, ಒಂದೇ ಕೈ ಇರುವವನು ಎಂದಾಗುತ್ತದೆ. ಆ ನಾವಿಕನಿಗೆ ಎರಡು ಕೈಯೂ ಸಾಲದು: ಒಂದರಲ್ಲಿ ಚುಕ್ಕಾಣಿಯ ಉದ್ದ ಹಿಡಿ, ಇನ್ನೊಂದರಲ್ಲಿ ಹಾಯಿಹಗ್ಗ, ಸೊಂಟದ ಕೊಕ್ಕೆ ಕಂಬದಿಂದ ಇಳಿದ ತಂತಿಗೆ. ಗಾಳಿ ಏರಿದರೆ ಹಾಯಿಯ ಕೆಳತುದಿಯನ್ನು ಎಳೆದು ಚಪ್ಪಟೆ ಮಾಡುವವನೂ ಅವನೇ. ‘ಒಬ್ಬಾಳಿನ ದೋಣಿ’, ‘ಇಬ್ಬಾಳಿನ ದೋಣಿ’ ಎನ್ನಿ.

‘ಭಾಜಕ’ಕ್ಕೆ ನನ್ನ ಒಪ್ಪಿಗೆ, ಆದರೆ ಒಂದು ಎಚ್ಚರ. ದೊಡ್ಡ ವಿಹಾರನೌಕೆಗಳ ರೇಟಿಂಗ್ ಪದ್ಧತಿಯಾದ ಐಆರ್‌ಸಿಯಲ್ಲಿ ಸಮಯವನ್ನು ಗುಣಿಸುತ್ತಾರೆ. ಅಲ್ಲಿ ಸಂಖ್ಯೆ ಹೆಚ್ಚಿದ್ದದ್ದು ವೇಗದ ದೋಣಿ. ಲೇಖನದಲ್ಲಿ ಅದೂ ಬಂದರೆ ‘ಸರಿದೂಗಿಕೆ’ ಎಂಬ ಸಾಮಾನ್ಯ ಪದ ಇಟ್ಟು, ಕೋಷ್ಟಕದಲ್ಲಿ ಮಾತ್ರ ಭಾಜಕ ಹಾಕಿ.

ರೇಟಿಂಗ್‌ಗೆ ಕೌಶಲದ ಸೋಂಕೇ ಇಲ್ಲ ಎಂಬುದೂ ಪೂರ್ತಿ ನಿಜವಲ್ಲ. ಬ್ರಿಟನ್ನಿನ ರೇಟಿಂಗ್ ಪದ್ಧತಿಯಾದ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಅಳತೆಯಿಂದಲ್ಲ, ಕ್ಲಬ್‌ಗಳು ಕಳಿಸುವ ಫಲಿತಾಂಶಗಳಿಂದ ಹುಟ್ಟುತ್ತದೆ. ಒಂದು ವರ್ಗದಲ್ಲಿ ಪಳಗಿದವರೇ ಓಡಿಸುತ್ತಿದ್ದರೆ ಆ ದೋಣಿಯ ಸಂಖ್ಯೆ ಇಳಿದು ಹೊಸಬರಿಗೆ ಬಿಗಿಯಾಗುತ್ತದೆ. ಅಳತೆಯ ಸೂತ್ರದಲ್ಲಿ ತೊಂದರೆ ಬೇರೆ: ಅದು ಗಾಳಿಯನ್ನು ನೋಡುವುದಿಲ್ಲ. ಒಬ್ಬಾಳಿನ ದೋಣಿಯಲ್ಲಿ 60 ಕೆ.ಜಿ.ಯವನು ಮಂದಗಾಳಿಯಲ್ಲಿ ಹಾರಿಹೋಗುತ್ತಾನೆ, ಬಿರುಗಾಳಿಯಲ್ಲಿ ದೋಣಿಯನ್ನು ನೆಟ್ಟಗಿಡುವ ಭಾರ ಸಾಲದೆ ಹಾಯಿ ಸಡಿಲಿಸಬೇಕಾಗುತ್ತದೆ.

ಉತ್ತರ 2

ಚರ್ಚೆ ಪದದ್ದು, ಗಾಳಿಯದಲ್ಲ. ‘ಕೌಶಲ್ಯ’ ಅಶುದ್ಧ, ‘ಕೌಶಲ’ವೇ ಸರಿ. ಅದಕ್ಕಿಂತ ‘ಚಳಕ’ ಮೇಲು.

ಉತ್ತರ 3

ಸಂಸ್ಕೃತ ನಿಘಂಟುಗಳಲ್ಲಿ ಕೌಶಲ, ಕೌಶಲ್ಯ ಎರಡೂ ಇವೆ. ‘ಚಳಕ’ದಲ್ಲಿ ಬೆರಳಿನ ಚುರುಕಿದೆ, ಗಾಳಿಯ ತಿರುವನ್ನು ಮೊದಲೇ ಓದುವ ಬುದ್ಧಿ ಇಲ್ಲ. ‘ಪಳಗಿಕೆ’ ಯೋಚಿಸಿ. ಅಂದಹಾಗೆ ಡಚ್ಚರು ಆ ದ್ವೀಪವನ್ನು ‘ಟೆಸೆಲ್’ ಎನ್ನುತ್ತಾರೆ, ಕ್ಸ ಇಲ್ಲ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಹೀಗೆ ಕಳಿಸುತ್ತಿದ್ದೇನೆ: “ಒಬ್ಬಾಳಿನ ಕ್ಯಾಟಮರಾನ್‌ಗಳ ಸರಿದೂಗಿಕೆ ದೋಣಿಯ ಅಳತೆಯಿಂದ ಬರುತ್ತದೆ, ನಾವಿಕನ ಪಳಗಿಕೆಯಿಂದಲ್ಲ. ತೆಗೆದುಕೊಂಡ ಸಮಯವನ್ನು ಭಾಜಕದಿಂದ ಭಾಗಿಸಿದರೆ ಸರಿದೂಗಿಸಿದ ಸಮಯ.” ಕೋಷ್ಟಕದ ತಲೆಬರಹ: ದೋಣಿ, ಭಾಜಕ, ಓಡಿದ ಸಮಯ, ಸರಿದೂಗಿದ ಸಮಯ. ಪೋರ್ಟ್ಸ್‌ಮತ್ ಮಾತು ಪಕ್ಕದ ಚೌಕಟ್ಟಿಗೆ. ಟೆಸೆಲ್ ಎಂದೇ ತಿದ್ದಿದೆ.

ಉತ್ತರ 2

‘ಕ್ಯಾಟಮರಾನ್’ ಉಳಿದೇಬಿಟ್ಟಿತು. ನನ್ನ ವಿರೋಧ ಇದೆ.