ಸಹಾಯ ಬೇಕು: ಐಸಿಯು ರೋಗಿಗಳಲ್ಲಿ ಹೃದಯ ಬಡಿತದ ಏರಿಳಿತವನ್ನು ಅಳೆಯುವ ಬಗ್ಗೆ

ಸೆಪ್ಸಿಸ್ (ಸೋಂಕಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿ ಅಂಗಗಳು ಹದಗೆಡುವ ಸ್ಥಿತಿ) ಆಗಿ ವೆಂಟಿಲೇಟರ್ ಮೇಲಿರುವ ರೋಗಿಗಳಲ್ಲಿ ಬಡಿತದಿಂದ ಬಡಿತಕ್ಕೆ ಆಗುವ ಅಂತರದ ಏರಿಳಿತವನ್ನು ನನ್ನ ಎಂ.ಡಿ. ಪ್ರಬಂಧಕ್ಕಾಗಿ ಅಳೆಯುತ್ತಿದ್ದು, 1996ರ ಯುರೋಪ್–ಉತ್ತರ ಅಮೆರಿಕ ಹೃದ್ರೋಗ ತಜ್ಞರ ಮಾರ್ಗಸೂಚಿಯಂತೆ 5 ನಿಮಿಷಗಳ ಇಸಿಜಿ ತುಣುಕುಗಳನ್ನು ಬಳಸುತ್ತಿದ್ದೇನೆ. ವೆಂಟಿಲೇಟರನ್ನು ನಿಮಿಷಕ್ಕೆ 12 ಉಸಿರಿಗೆ ಹೊಂದಿಸಿದಾಗ, ಏರಿಳಿತದ ಆವರ್ತನ ನಕ್ಷೆಯಲ್ಲಿ 0.2 ಹರ್ಟ್ಸ್‌ನಲ್ಲಿ ಚೂಪಾದ ಶಿಖರವೊಂದು ಮೂಡುತ್ತದೆ, ಅದು ವೇಗಸ್ ನರದ (ಹೃದಯ ಬಡಿತವನ್ನು ನಿಧಾನಗೊಳಿಸುವ ನರ) ಪ್ರಭಾವ ಕಾಣುವ 0.15ರಿಂದ 0.4 ಹರ್ಟ್ಸ್‌ವರೆಗಿನ ಆವರ್ತನ ಪಟ್ಟಿಯೊಳಗೇ ಬೀಳುವುದರಿಂದ, ಅದರಲ್ಲಿ ವೇಗಸ್ ನರದ ಪಾಲೆಷ್ಟು, ಯಂತ್ರವು ಎದೆಯೊಳಗೆ ಉಂಟುಮಾಡುವ ಒತ್ತಡದ ಪಾಲೆಷ್ಟು ಎಂದು ಬೇರ್ಪಡಿಸಲಾಗುತ್ತಿಲ್ಲ. ಜೊತೆಗೆ ನಾರ್‌ಅಡ್ರಿನಲಿನ್ (ರಕ್ತದೊತ್ತಡ ಏರಿಸುವ ಔಷಧ), ಪ್ರೊಪೊಫಾಲ್ (ಮಂಪರು ಬರಿಸುವ ಔಷಧ) ಹೋಗುತ್ತಿರುವಾಗ ಈ ಅಂಕಿಗಳನ್ನು ನಂಬುವುದು ಇನ್ನೂ ಕಷ್ಟ. ಮಾನಿಟರ್ ಪರದೆಯ ಸರಾಸರಿ ಬಡಿತ ಈ ಕೆಲಸಕ್ಕೆ ಬಾರದೆಂದು ಇಸಿಜಿಯ ಮೂಲ ತರಂಗವನ್ನೇ ಪಡೆಯುತ್ತಿದ್ದೇನೆ. ನಡುವೆ ಬರುವ ಅಕಾಲಿಕ ಬಡಿತಗಳನ್ನು ತೆಗೆದು ಆ ಜಾಗವನ್ನು ಅಂದಾಜು ಮೌಲ್ಯದಿಂದ ತುಂಬಬಹುದೇ, ಅಥವಾ ಇಡೀ ತುಣುಕನ್ನೇ ಕೈಬಿಡಬೇಕೇ ಎಂಬುದನ್ನೂ ಅನುಭವವುಳ್ಳವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.